ಓದುಗರ ಪ್ರಶ್ನೆ: ಕಾನೂನು ಮುರಿದು ಅಲ್ಲೇ ನಿಂತವರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು: ಕಾನೂನುಭಂಗ, ಸತ್ಯಾಗ್ರಹ, ಕರನಿರಾಕರಣೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಕೊಟ್ಟಿದ್ದೇನೆ.

ಮೇಡಂ, ಕಾನೂನು ಪಾಲಿಸಬೇಕು ಅಂತ ಪೌರನೀತಿ ಪಾಠದಲ್ಲಿ ಹೇಳಿಕೊಡುತ್ತಾರೆ. ಅದೇ ಪುಸ್ತಕದ ಇತಿಹಾಸ ಪಾಠದಲ್ಲಿ ಗಾಂಧೀಜಿ ಉಪ್ಪಿನ ಕಾನೂನು ಮುರಿದರು ಅಂತ ಹೆಮ್ಮೆಯಿಂದ ಓದಿಸುತ್ತಾರೆ. ಎರಡೂ ಹೇಗೆ ಸರಿ ಆಗುತ್ತವೆ?
— ಹತ್ತನೇ ತರಗತಿ ವಿದ್ಯಾರ್ಥಿನಿ, ದಾವಣಗೆರೆ

ಎರಡೂ ಸರಿ ಆಗುತ್ತವೆ, ಹೇಗೆ ಅಂತ ಹೇಳುತ್ತೇನೆ. ತೆರಿಗೆ ಕದಿಯುವವನೂ ಕಾನೂನು ಮುರಿಯುತ್ತಾನೆ ಅಲ್ವಾ? ಅವನು ಲೆಕ್ಕ ಬಚ್ಚಿಡುತ್ತಾನೆ. ಸಿಕ್ಕಿಬಿದ್ದರೆ ನಾನಲ್ಲ ಅನ್ನುತ್ತಾನೆ. ಕಾನೂನು ಎಲ್ಲರಿಗೂ ಇರಲಿ, ತನಗೊಬ್ಬನಿಗೆ ಮಾತ್ರ ಬೇಡ ಅನ್ನುವುದು ಅವನ ಲೆಕ್ಕಾಚಾರ.

ಈಗ ಗಾಂಧೀಜಿ ಮಾಡಿದ್ದನ್ನು ನೋಡು. 1930ರ ಮಾರ್ಚ್ 2ರಂದು ವೈಸರಾಯ್ ಇರ್ವಿನ್‌ಗೆ ಕಾಗದ ಬರೆದರು: ನಮ್ಮ ಬೇಡಿಕೆಗಳು ಇವು, ನೀವು ಕೇಳದಿದ್ದರೆ ಉಪ್ಪಿನ ಕಾನೂನು ಮುರಿಯುತ್ತೇನೆ ಅಂತ. ಮಾರ್ಚ್ 12ರಂದು ಸಾಬರಮತಿಯಿಂದ 78 ಜನರ ಜೊತೆ ನಡೆಯಲು ಶುರು ಮಾಡಿದರು. ದಾಂಡಿಗೆ ಸುಮಾರು 385 ಕಿಲೋಮೀಟರ್. ಏಪ್ರಿಲ್ 6ರಂದು ಉಪ್ಪು ಎತ್ತಿದರು. ಅಷ್ಟೂ ದಿನ ಅವರು ಎಲ್ಲಿದ್ದಾರೆ, ನಾಳೆ ಯಾವ ಊರಿಗೆ ಹೋಗುತ್ತಾರೆ, ಕೊನೆಗೆ ಏನು ಮಾಡುತ್ತಾರೆ ಅನ್ನುವುದು ಸರ್ಕಾರಕ್ಕೆ ಗೊತ್ತಿತ್ತು. ಜೊತೆಗೆ ನಡೆದವರ ಹೆಸರಿನ ಪಟ್ಟಿ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಆ ಪಟ್ಟಿಯಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವ ಕೂಡ ಇದ್ದ. ಇನ್ನೂ ಇಪ್ಪತ್ತು ತುಂಬದ ಹುಡುಗ.

ಅದಕ್ಕೂ ಮೊದಲು 1917ರ ಏಪ್ರಿಲ್ 18ರಂದು ಬಿಹಾರದ ಮೋತಿಹಾರಿ ಕೋರ್ಟಿನಲ್ಲಿ ನಡೆದದ್ದು ನನಗೆ ಇನ್ನೂ ಇಷ್ಟ. ಚಂಪಾರಣ್ಯದ ನೀಲಿ ಬೆಳೆಗಾರರ ಕಷ್ಟ ಕೇಳಲು ಬಂದ ಗಾಂಧೀಜಿಗೆ ಜಿಲ್ಲೆ ಬಿಟ್ಟು ಹೋಗು ಅಂತ ಆದೇಶ ಕೊಟ್ಟಿದ್ದರು. ಅವರು ಹೋಗಲಿಲ್ಲ. ಕೋರ್ಟಿನಲ್ಲಿ ನಿಂತು, ಹೌದು ಆದೇಶ ಮುರಿದಿದ್ದೇನೆ, ಶಿಕ್ಷೆ ಕೊಡಿ ಅಂದರು. ಮ್ಯಾಜಿಸ್ಟ್ರೇಟ್ ಇದಕ್ಕೆ ತಯಾರಾಗಿರಲಿಲ್ಲ, ಪಾಪ. ಶಿಕ್ಷೆ ಮುಂದೂಡಿದರು. ಜಾಮೀನು ಕೊಡು ಅಂದರೆ ಇವರು ಒಲ್ಲೆ ಅಂದರು, ಕೊನೆಗೆ ಜಾಮೀನಿಲ್ಲದೆಯೇ ಬಿಟ್ಟು ಕಳಿಸಬೇಕಾಯಿತು. ಕೆಲವೇ ದಿನಗಳಲ್ಲಿ ಸರ್ಕಾರ ಕೇಸನ್ನೇ ವಾಪಸ್ ತೆಗೆದುಕೊಂಡಿತು.

ಹೀಗೆ ಮೊದಲೇ ಹೇಳಿ, ಹಗಲಿನಲ್ಲಿ, ಎಲ್ಲರ ಮುಂದೆ ಕಾನೂನು ಮುರಿದು ಅಲ್ಲೇ ನಿಂತುಕೊಳ್ಳುವವನು ಕಾನೂನಿಗೆ ಒಂದು ಮರ್ಯಾದೆ ಕೊಟ್ಟೇ ಮುರಿಯುತ್ತಾನೆ. ಇಂಥ ಕಥೆ ಓದುವಾಗೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ: ಇದರ ಕಷ್ಟ ಯಾರ ಮೇಲೆ ಬಿತ್ತು? ಮುರಿದವನ ಮೇಲೋ, ಬೇರೆಯವರ ಮೇಲೋ? ಕೆಳಗಿನ ಉತ್ತರಗಳಲ್ಲೂ ನಾನು ಇದನ್ನೇ ಕೇಳುತ್ತಾ ಹೋಗುತ್ತೇನೆ.

ನಮ್ಮಜ್ಜಿ ಕರನಿರಾಕರಣೆಯ ಕಾಲದ ಕಥೆ ಹೇಳುತ್ತಿದ್ದರು. ಮನೆ ಸಾಮಾನು ಹರಾಜಾಗಿದ್ದು, ಗಂಡಸರು ಜೈಲಿಗೆ ಹೋಗಿದ್ದು. ಆಗ ಚಿಕ್ಕವಳಿದ್ದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನಮ್ಮ ಕಡೆ ನಿಜವಾಗಿ ಏನು ನಡೆಯಿತು?
— ಗೃಹಿಣಿ, ಶಿರಸಿ

ಅಮ್ಮಾ, ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ನೆ ಕುಳಿತಿದ್ದೆ. ಯಾಕೆಂದರೆ ಈ ಕಥೆ ಕರ್ನಾಟಕದಲ್ಲಿ ಸಿಗಬೇಕಾದಷ್ಟು ಜನರಿಗೆ ಸಿಕ್ಕಿಲ್ಲ.

ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ದಾಂಡಿಯಲ್ಲಿ ಉಪ್ಪು ಎತ್ತಿದ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಆ ಕರಾವಳಿಯವರಿಗೆ ಉಪ್ಪು ಹೊಸದೇನಲ್ಲ, ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇವತ್ತಿಗೂ ಉಪ್ಪಿನಾಗರಗಳಿವೆ. ಮನೆ ಮುಂದಿನ ಕಡಲ ನೀರು ಕುದಿಸಿ ಒಂದು ಹಿಡಿ ಉಪ್ಪು ಮಾಡಿಕೊಂಡರೆ ಅಪರಾಧ ಅನ್ನುವ ಕಾನೂನು ಎಷ್ಟು ಅನ್ಯಾಯದ್ದು ಅಂತ ಅಲ್ಲಿನ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ನಿಮ್ಮಜ್ಜಿ ಹೇಳಿದ್ದು ಅದರ ನಂತರದ್ದು. ಅಂಕೋಲೆ, ಸಿದ್ದಾಪುರ, ಆ ಕಡೆ ಹಿರೇಕೆರೂರು, ಈ ತಾಲ್ಲೂಕುಗಳ ರೈತರು ಭೂಕಂದಾಯ ಕಟ್ಟುವುದಿಲ್ಲ ಅಂತ ನಿಂತರು. ಜಗತ್ತಿನಲ್ಲೆಲ್ಲ ಬೆಲೆ ಬಿದ್ದ ಕಾಲ ಅದು, ಬೆಳೆ ಮಾರಿದರೆ ಬರುವ ದುಡ್ಡು ಕಂದಾಯಕ್ಕೂ ಸಾಲದ ಸ್ಥಿತಿ. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಿಂದ ಸ್ವಲ್ಪ ದಿನ ತಣ್ಣಗಾಯಿತು. 1932ರ ಜನವರಿಯಲ್ಲಿ ಗಾಂಧೀಜಿಯನ್ನು ಮತ್ತೆ ಹಿಡಿದ ಮೇಲೆ ಚಳವಳಿ ತಿರುಗಿ ಹೊತ್ತಿಕೊಂಡಿತು, ಈ ಸಲ ಸರ್ಕಾರ ಸ್ವಲ್ಪವೂ ಕರುಣೆ ತೋರಿಸಲಿಲ್ಲ.

ಕರ ಕೊಡದಿರುವುದು ಅಂದರೆ ಏನು ಅಂತ ಯೋಚಿಸಿ. ಮೆರವಣಿಗೆಗೆ ಹೋದವರು ಸಂಜೆ ಮನೆಗೆ ಬರುತ್ತಾರೆ. ಕರ ಕೊಡದವರ ಮನೆಗೆ ಸರ್ಕಾರವೇ ಬರುತ್ತದೆ. ಮೊದಲು ನೋಟಿಸು. ಆಮೇಲೆ ಜಪ್ತಿ: ಅಟ್ಟದ ಮೇಲಿನ ಹಂಡೆ, ಕೊಪ್ಪರಿಗೆ, ಕಣಜದ ಭತ್ತ, ಕೊಟ್ಟಿಗೆಯ ದನ. ಕೊನೆಗೆ ಗದ್ದೆ, ತೋಟ. ಗಂಡಸರು ಜೈಲಿನಲ್ಲಿ. ಮನೆಯಲ್ಲಿ ಹೆಂಗಸರು, ಮಕ್ಕಳು, ಮುದುಕರು. ಎದುರಿಗೆ ಜಪ್ತಿಗೆ ಬಂದವರಿಗೆ ಕೈ ಮಾಡುವಂತಿಲ್ಲ, ಬೈಯುವಂತಿಲ್ಲ, ಬಾಗಿಲು ಹಾಕಿಕೊಂಡು ಸಾಮಾನು ಬಚ್ಚಿಡುವಂತಿಲ್ಲ. ಒಂದು ದಿನದ ಧೈರ್ಯ ಸಾಕಾಗುವ ಕೆಲಸ ಅಲ್ಲ ಇದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು.

ಹರಾಜಿಗೆ ಊರಿನವರು ಯಾರೂ ಕೂಗುತ್ತಿರಲಿಲ್ಲ. ಆದರೆ ಎಲ್ಲ ಕಾಲದಲ್ಲೂ ಇರುವ ಹಾಗೆ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಕೊಂಡವರು ಕೆಲವರು ಇದ್ದರು. ಆಗ 1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಒಂದು ಕೆಲಸ ಮಾಡಿದರು. ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕುಳಿತರು. ಅವರ ಮನೆಗೆ ಕಲ್ಲು ಹೊಡೆಯಲಿಲ್ಲ, ಅವರ ಬೆಳೆಗೆ ಬೆಂಕಿ ಇಡಲಿಲ್ಲ. ನೀವು ಕೊಂಡಿದ್ದು ನಮ್ಮ ಅನ್ನ, ಅದು ಮರಳುವ ತನಕ ನಾವು ಉಣ್ಣುವುದಿಲ್ಲ ಅಂತ ಕುಳಿತರು, ಅಷ್ಟೇ. ಈ ಭಾಗದ ಹೋರಾಟದ ಮಾತು ಬಂದಾಗ ದೊಡ್ಡಮನೆಯ ಮಹಾದೇವಿತಾಯಿ ಅವರ ಹೆಸರು ಹೇಳುತ್ತಾರೆ. ಅವರ ಜೊತೆಗಿದ್ದ ಎಷ್ಟೋ ಹೆಂಗಸರು ಓದು ಬರಹ ಕಲಿತವರಲ್ಲ. ಮನೆ ಬಿಟ್ಟು ಹೊರಗೆ ಬಂದು ಪೊಲೀಸರ ಮುಂದೆ ಕೂರುವುದು ಆ ಕಾಲಕ್ಕೆ ಎಂಥ ಮಾತು ಅಂತ ನಿಮಗೆ ಹೇಳಬೇಕಾಗಿಲ್ಲ.

ಕಳೆದುಕೊಂಡ ಭೂಮಿ ಏನಾಯಿತು ಅಂತ ಕೇಳುತ್ತೀರಿ. 1937ರ ಚುನಾವಣೆಯ ನಂತರ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಮುಟ್ಟುಗೋಲಾದ ಜಮೀನು ವಾಪಸ್ ಕೊಡಿಸಲು 1938ರಲ್ಲಿ ಕಾಯ್ದೆಯೇ ಆಯಿತು. ಅಲ್ಲಿಯವರೆಗೆ ಐದಾರು ವರ್ಷ ಆ ಮನೆಗಳು ಹೇಗೆ ಒಲೆ ಹಚ್ಚಿದವು ಅನ್ನುವುದು ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅಜ್ಜಿಯ ಓರಗೆಯವರು ಯಾರಾದರೂ ಇದ್ದರೆ, ಅಥವಾ ಅವರಿಂದ ಕೇಳಿಸಿಕೊಂಡವರಿದ್ದರೆ, ದಯವಿಟ್ಟು ಇವತ್ತೇ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ನಾನು ಬಾಸ್ಟನ್ ಹತ್ತಿರ ಇರುವ ಕನ್ನಡಿಗ. ಇಲ್ಲಿ ಕಾನ್‌ಕಾರ್ಡ್ ಊರಿಗೆ ಹೋದಾಗಲೆಲ್ಲ, ಗಾಂಧೀಜಿ ಎಲ್ಲವನ್ನೂ ಥೋರೋ ಅವರಿಂದ ಕಲಿತರು ಅಂತ ಹೇಳುತ್ತಾರೆ. ನಿಜವೇ?

ಎಲ್ಲವನ್ನೂ ಅಲ್ಲ. ಅಮೆರಿಕದ ಲೇಖಕ ಥೋರೋ 1846ರ ಜುಲೈಯಲ್ಲಿ ತಲೆಗಂದಾಯ ಕಟ್ಟದೆ ಜೈಲಿಗೆ ಹೋಗಿದ್ದು ನಿಜ. ಗುಲಾಮಗಿರಿಯನ್ನು ಉಳಿಸಿಕೊಂಡು ಮೆಕ್ಸಿಕೋ ಮೇಲೆ ಯುದ್ಧಕ್ಕೆ ಹೋಗುವ ಸರ್ಕಾರಕ್ಕೆ ನನ್ನ ದುಡ್ಡು ಕೊಡಲ್ಲ ಅನ್ನುವುದು ಅವರ ವಾದ. ಇದ್ದದ್ದು ಒಂದೇ ರಾತ್ರಿ. ಯಾರೋ ಅವರ ಪರವಾಗಿ ದುಡ್ಡು ಕಟ್ಟಿಬಿಟ್ಟರು, ಬೆಳಿಗ್ಗೆ ಬಿಟ್ಟು ಕಳಿಸಿದರು. ಅದರ ಬಗ್ಗೆ 1849ರಲ್ಲಿ ಅಚ್ಚಾದ ಅವರ ಪ್ರಬಂಧ ಜಗತ್ತಿನ ತುಂಬ ಓಡಾಡಿತು.

ಗಾಂಧೀಜಿಯ ಹೋರಾಟ ಶುರುವಾಗಿದ್ದು 1906ರ ಸೆಪ್ಟೆಂಬರ್ 11ರಂದು, ಜೋಹಾನ್ಸ್‌ಬರ್ಗಿನ ಸಭೆಯಲ್ಲಿ. ಭಾರತೀಯರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅನ್ನುವ ಕಾನೂನಿಗೆ ತಲೆಬಾಗುವುದಿಲ್ಲ ಅಂತ ಅಲ್ಲಿ ಪ್ರತಿಜ್ಞೆ ಮಾಡಿದರು. 1908ರ ಆಗಸ್ಟ್‌ನಲ್ಲಿ ಅದೇ ಊರಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಸುಟ್ಟರು. ಥೋರೋ ಪ್ರಬಂಧ ಕೈಗೆ ಬರುವ ಹೊತ್ತಿಗೆ ನಮ್ಮ ಹೋರಾಟ ಸಾಕಷ್ಟು ಮುಂದೆ ಹೋಗಿತ್ತು ಅಂತ 1935ರಲ್ಲಿ ಅವರೇ ಕಾಗದದಲ್ಲಿ ಬರೆದಿದ್ದಾರೆ. ಥೋರೋ ಮೇಲೆ ಅವರಿಗೆ ಗೌರವ ಇತ್ತು, ಅದು ಬೇರೆ ಮಾತು.

ನನಗೆ ಮುಖ್ಯ ಅನ್ನಿಸುವ ವ್ಯತ್ಯಾಸ ಬೇರೆ ಇದೆ. ಥೋರೋ ಒಬ್ಬರೇ ಮಾಡಿದರು, ತಮ್ಮ ಮನಸ್ಸಾಕ್ಷಿಗೋಸ್ಕರ. ಜೋಹಾನ್ಸ್‌ಬರ್ಗಿನಲ್ಲಿ ಅಂಗಡಿಯವರು, ಗಾಡಿ ತಳ್ಳುವವರು, ಕೂಲಿಯವರು ಒಟ್ಟಿಗೆ ಮಾಡಿದರು. ನಿಮ್ಮ ಅಮೆರಿಕದಲ್ಲೇ ನೋಡಿ, 1955ರ ಡಿಸೆಂಬರ್ 1ರಂದು ಮಾಂಟ್‌ಗೊಮೆರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಸುಸ್ತಾಗಿದ್ದ ದರ್ಜಿ ಹೆಂಗಸು ಅಂತ ಅವರ ಕಥೆ ಹೇಳುವುದು ರೂಢಿ, ಅದು ನನಗೆ ಒಪ್ಪಿಗೆ ಇಲ್ಲ. ಅವರು ಕಪ್ಪು ಜನರ ಹಕ್ಕಿನ ಸಂಘದ ಸ್ಥಳೀಯ ಕಾರ್ಯದರ್ಶಿ, ಆ ಬೇಸಿಗೆಯಲ್ಲಷ್ಟೇ ತರಬೇತಿ ಶಿಬಿರಕ್ಕೂ ಹೋಗಿ ಬಂದಿದ್ದವರು. ಕೋರ್ಟು ಅವರಿಗೆ ಹಾಕಿದ ದಂಡ ಮತ್ತು ಖರ್ಚು ಸೇರಿ 14 ಡಾಲರ್. ಅದರ ಹಿಂದೆ ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಮಳೆಯಲ್ಲೂ ಚಳಿಯಲ್ಲೂ ಮನೆಗೆಲಸಕ್ಕೆ ನಡೆದೇ ಹೋದ ಹೆಂಗಸರು ಇಲ್ಲದಿದ್ದರೆ ಆ ಸೀಟಿನ ಕಥೆ ಪೊಲೀಸ್ ಠಾಣೆಯಲ್ಲೇ ಮುಗಿಯುತ್ತಿತ್ತು.

ಮೇಡಂ, ವಾರಕ್ಕೊಂದು ರಸ್ತೆ ತಡೆ. ಇದೂ ಸತ್ಯಾಗ್ರಹಾನಾ? ನನ್ನ ಆಟೋದಲ್ಲಿ ಹೆರಿಗೆ ನೋವಿನ ಹೆಂಗಸು ಇದ್ದಾಗಲೂ ಬಿಡಲಿಲ್ಲ.
— ಆಟೋ ಚಾಲಕ, ಬೆಂಗಳೂರು

ಅಲ್ಲ. ಆ ಹೆಂಗಸಿನ ನೋವಿಗೂ ಅವರ ಬೇಡಿಕೆಗೂ ಏನೂ ಸಂಬಂಧ ಇಲ್ಲ. ಬೇಡಿಕೆ ನ್ಯಾಯದ್ದೇ ಇರಬಹುದು, ಆದರೆ ಅದರ ಭಾರ ದಾರಿಯಲ್ಲಿ ಸಿಕ್ಕಿದವರ ಮೇಲೆ ಹಾಕುವುದಕ್ಕೆ ಸತ್ಯಾಗ್ರಹ ಅಂತ ಹೆಸರಿಡಬಾರದು. ರಸ್ತೆಗೆ ಇಳಿಯದೆ ಯಾರೂ ನಮ್ಮ ಮಾತು ಕೇಳಲ್ಲ ಅಂತ ಸಂಘಟನೆಯವರು ನನಗೂ ಹೇಳಿದ್ದಾರೆ. ಅವರ ಸಿಟ್ಟು ಅರ್ಥ ಆಗುತ್ತದೆ. ಆದರೂ ಆಂಬುಲೆನ್ಸ್, ಆಸ್ಪತ್ರೆಗೆ ಹೋಗುವವರು, ಪರೀಕ್ಷೆಗೆ ಹೋಗುವ ಮಕ್ಕಳು, ಇವರಿಗೆ ದಾರಿ ಬಿಡಿಸಲೆಂದೇ ನಾಲ್ಕು ಜನರನ್ನು ನಿಲ್ಲಿಸುವುದು ಯಾವ ಸಂಘಟನೆಗೂ ಆಗದ ಕೆಲಸವಲ್ಲ.

ಈಸೂರಿನವರ ಬಗ್ಗೆ ನಿಮ್ಮ ಅಭಿಪ್ರಾಯ ಏನು? ಅದು ಅಹಿಂಸೆ ಅಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ.
— ಶಿಕ್ಷಕರು, ಶಿಕಾರಿಪುರ

ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ ಸಾರ್. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ನಿಂತ ಊರು ಅದು. ಕಂದಾಯ ಕೊಡಲ್ಲ ಅಂದರು, ತಮ್ಮದೇ ಸರ್ಕಾರ ಅಂತ ಘೋಷಿಸಿದರು, ಜಯಣ್ಣ ಅನ್ನುವ ಚಿಕ್ಕ ಹುಡುಗನನ್ನು ಅಮಲ್ದಾರ, ಅಂದರೆ ತಾಲ್ಲೂಕಿನ ಅಧಿಕಾರಿ, ಮಾಡಿದರು. ಇಲ್ಲಿಯವರೆಗೆ ಅದು ಅಚ್ಚ ಕಾನೂನುಭಂಗ.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರು, ಪೊಲೀಸರು ಬಂದಾಗ ಘರ್ಷಣೆ ಆಗಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಜನರ ಕೈಯಲ್ಲಿ ಸತ್ತರು. ಅವರೂ ಕನ್ನಡದವರೇ, ಸಂಬಳಕ್ಕೆ ದುಡಿಯುತ್ತಿದ್ದವರು. ಮುಂದೆ 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರನ್ನು ಗಲ್ಲಿಗೇರಿಸಿದರು. ಊರಿಗೆ ಊರೇ ಕಾಡು ಪಾಲಾಗಿತ್ತು. ಆ ಐವರಿಗೆ ನಾನು ಕೈ ಮುಗಿಯುತ್ತೇನೆ. ಆ ದಿನ ನಡೆದದ್ದನ್ನು ಸತ್ಯಾಗ್ರಹ ಅನ್ನುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವುದರಲ್ಲಿ ಅವಮಾನ ಏನೂ ಇಲ್ಲ ಅಂದುಕೊಂಡಿದ್ದೇನೆ. ದಾಂಡಿಗೆ ನಡೆದಿದ್ದ ಅದೇ ಮೈಲಾರ ಮಹಾದೇವ ಕೂಡ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಖಜಾನೆಗೆ ನುಗ್ಗುವಾಗ ಗುಂಡಿಗೆ ಸಿಕ್ಕಿ ಸತ್ತರು. ನಾಯಕರೆಲ್ಲ ಜೈಲಿನಲ್ಲಿದ್ದ ಆ ಎರಡು ವರ್ಷ ಜನರನ್ನು ಎಲ್ಲಿಗೆ ತಳ್ಳಿತ್ತು ಅಂತ ಇದರಿಂದಲೇ ತಿಳಿಯುತ್ತದೆ.

ನಿಮ್ಮ ಮಕ್ಕಳಿಗೆ 1922ರ ಚೌರಿ ಚೌರಾ ಕಥೆಯನ್ನೂ ಜೊತೆಗೆ ಹೇಳಿ. ಠಾಣೆಗೆ ಬೆಂಕಿ ಹಚ್ಚಿ ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತಾಗ ಗಾಂಧೀಜಿ ಇಡೀ ದೇಶದ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಸ್ವಂತ ಪಕ್ಷದವರೇ ಬೈದರು. ಸರಿಯೋ ತಪ್ಪೋ ಅಂತ ಮಕ್ಕಳೇ ಜಗಳವಾಡಲಿ.

ಸಂವಿಧಾನ ಬಂದ ಮೇಲೆ ಸತ್ಯಾಗ್ರಹ, ಅಸಹಕಾರ ಎಲ್ಲ ಬಿಡಬೇಕು ಅಂತ ಅಂಬೇಡ್ಕರ್ ಹೇಳಿದ್ದಾರೆ. ಹಾಗಿದ್ದ ಮೇಲೆ ಸ್ವತಂತ್ರ ಭಾರತದಲ್ಲಿ ಇದಕ್ಕೆ ಜಾಗ ಎಲ್ಲಿದೆ?
— ವಕೀಲರು, ತುಮಕೂರು

ಕಾಗೋಡು ಸತ್ಯಾಗ್ರಹ ಗೆದ್ದಿತೋ ಸೋತಿತೋ? ನಮ್ಮ ಮನೆಯಲ್ಲಿ ಇನ್ನೂ ವಾದ ನಡೆಯುತ್ತದೆ.
— ಕೃಷಿಕರು, ಸಾಗರ

ಇವೆರಡಕ್ಕೂ ಒಟ್ಟಿಗೆ ಉತ್ತರ ಕೊಡುತ್ತೇನೆ, ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ.

ವಕೀಲರು ಹೇಳಿದ್ದು ಸರಿ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಆ ಮಾತು ಹೇಳಿದರು. ಸಂವಿಧಾನದ ದಾರಿ ಮುಚ್ಚಿದ್ದಾಗ ಬೇರೆ ದಾರಿ ಹಿಡಿದಿದ್ದಕ್ಕೆ ಕಾರಣ ಇತ್ತು, ಈಗ ದಾರಿ ತೆರೆದಿದೆ, ಇನ್ನು ಅದೆಲ್ಲ ಅರಾಜಕತೆಯ ವ್ಯಾಕರಣ ಅಂದರು. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಹೇಳಿದವರು 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿ ಜನರನ್ನು ಮುನ್ನಡೆಸಿದವರು. ಸಾರ್ವಜನಿಕ ಕೆರೆ, ಬಾವಿಗಳು ದಲಿತರಿಗೂ ಮುಕ್ತ ಅಂತ ಮುಂಬೈ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು, ಊರಿನ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲಿನ ಕಾನೂನು ದಲಿತರ ಪರ, ಕೆರೆಯ ಮೆಟ್ಟಿಲಿನ ಮೇಲಿನ ಕಾನೂನು ಅವರ ವಿರುದ್ಧ. ನೀರು ಕುಡಿದು ವಾಪಸ್ ಹೋಗುವಾಗ ಏಟು ತಿಂದರು. ಕೋರ್ಟು ಹತ್ತಿ, ಹೈಕೋರ್ಟಿನಲ್ಲಿ ಗೆದ್ದಾಗ 1937. ಹತ್ತು ವರ್ಷ ಕೇಸು ನಡೆಸಿದ ಮನುಷ್ಯ ಸಂವಿಧಾನದ ದಾರಿ ಬಗ್ಗೆ ಮಾತಾಡಿದರೆ ಆ ಮಾತಿಗೆ ತೂಕ ಇದೆ.

ಈಗ ಕಾಗೋಡಿಗೆ ಬನ್ನಿ. ಸಾಗರ ತಾಲ್ಲೂಕಿನಲ್ಲಿ ಗದ್ದೆ ಒಡೆಯರದ್ದು, ಉಳುಮೆ ಗೇಣಿ ಒಕ್ಕಲಿನವರದ್ದು. ಒಕ್ಕಲು ಬಹುಪಾಲು ದೀವರು ಸಮುದಾಯದವರು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಅಳೆಯುವ ಕೊಳಗದಲ್ಲೇ ತಕರಾರು: ಸರ್ಕಾರದ ಲೆಕ್ಕದ್ದಕ್ಕಿಂತ ದೊಡ್ಡ ಕೊಳಗದಲ್ಲಿ ಒಡೆಯರು ಅಳೆಸಿಕೊಳ್ಳುತ್ತಿದ್ದರು. ವರ್ಷಪೂರ್ತಿ ಕೆಸರಿನಲ್ಲಿ ದುಡಿದವನು ಅಂಗಳದಲ್ಲಿ ನಿಂತು ತನ್ನ ಭತ್ತ ಆ ಕೊಳಗದ ಬಾಯಿ ಮೇಲೆ ಗೋಪುರವಾಗಿ ಏಳುವುದನ್ನು ನೋಡಬೇಕು, ಮಾತಾಡುವಂತಿಲ್ಲ. ಮೇಲೆ ಬಿಟ್ಟಿ ಚಾಕರಿ. ಎಚ್. ಗಣಪತಿಯಪ್ಪನವರು 1948ರಲ್ಲಿ ರೈತ ಸಂಘ ಕಟ್ಟಿದರು. ಸರಿಯಾದ ಅಳತೆ ಕೇಳಿದರು, ರಸೀದಿ ಕೇಳಿದರು. ಒಡೆಯರು ಒಕ್ಕಲನ್ನೇ ಬಿಡಿಸಿದರು. ಆಗ 1951ರ ಏಪ್ರಿಲ್ 18ರಂದು ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಇಳಿದರು. ಪೊಲೀಸರು ಹಿಡಿದರು. ಮಾರನೇ ದಿನ ಇನ್ನೊಂದು ತಂಡ. ಅವರನ್ನೂ ಹಿಡಿದರು. ಹೀಗೆ ನೂರಾರು ಜನ ಜೈಲು ಸೇರಿದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಊರೂರು ತಿರುಗಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ತಾವೂ ಸೆರೆಯಾದರು.

ವಕೀಲರೇ, ಈಗ ತಾರೀಕು ಹೊಂದಿಸಿ ನೋಡಿ. ಸಂವಿಧಾನ ಜಾರಿಗೆ ಬಂದು ಹದಿನೈದು ತಿಂಗಳಾಗಿತ್ತು. ಮೊದಲ ಮಹಾಚುನಾವಣೆ ಇನ್ನೂ ನಡೆದಿರಲಿಲ್ಲ. ಬಾಗಿಲು ತೆರೆದಿದೆ ಅಂತ ದೆಹಲಿಯಲ್ಲಿ ಹೇಳಿಯಾಗಿತ್ತು, ಆದರೆ ವಯಸ್ಸಿಗೆ ಬಂದವರಿಗೆಲ್ಲ ಓಟು ಅನ್ನುವ ಚುನಾವಣೆಯನ್ನೇ ಕಾಗೋಡಿನ ಗೇಣಿದಾರ ಇನ್ನೂ ಕಂಡಿರಲಿಲ್ಲ. ನೇಗಿಲು ಹೊತ್ತು ಇಳಿಯದೆ ಅವನು ಯಾವ ಬಾಗಿಲು ತಟ್ಟಬೇಕಿತ್ತು? ಆ ಬಾಗಿಲು ಸಿಕ್ಕ ತಕ್ಷಣ ಏನು ಮಾಡಿದರು ಅನ್ನುವುದೂ ಮುಖ್ಯ. 1952ರಲ್ಲಿ ಅದೇ ಜನ ಓಟು ಹಾಕಿ ಗೋಪಾಲಗೌಡರನ್ನು ಸಾಗರ-ಹೊಸನಗರದಿಂದ ವಿಧಾನಸಭೆಗೆ ಕಳಿಸಿದರು. ಕೈಯಲ್ಲಿ ಕಾಸಿಲ್ಲದ ಮನುಷ್ಯ ಗೆದ್ದು ಹೋಗಿ ಸದನದಲ್ಲಿ ಗೇಣಿದಾರರ ಮಾತಾಡಿದರು.

ಸಾಗರದವರಿಗೆ ಉತ್ತರ: 1951ರ ಲೆಕ್ಕದಲ್ಲಿ ಸೋತಿತು. ಗದ್ದೆ ಸಿಗಲಿಲ್ಲ, ಎಷ್ಟೋ ಮನೆಗಳು ಒಪ್ಪೊತ್ತಿನ ಊಟಕ್ಕೂ ಒದ್ದಾಡಿದವು. ಆದರೆ ಉಳುವವನೇ ಹೊಲದೊಡೆಯ ಅನ್ನುವ ಮಾತು ಆಮೇಲೆ ಯಾರೂ ಕೆಳಗೆ ಇಡಲು ಆಗಲಿಲ್ಲ. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಭೂಮಿಯ ಹಕ್ಕು ಕೇಳುವ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತ ಗೇಣಿದಾರರಲ್ಲಿ ಕಾಗೋಡಿನಲ್ಲಿ ಏಟು ತಿಂದವರ ಮಕ್ಕಳೂ ಇದ್ದರು. ಇಪ್ಪತ್ಮೂರು ವರ್ಷ. ನಡುವೆ ಸತ್ತು ಹೋದವರಿಗೆ ಏನೂ ಸಿಗಲಿಲ್ಲ, ಅದನ್ನು ಮರೆತು ಗೆಲುವು ಅಂತ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ಮನೆಯ ವಾದ ಮುಂದುವರಿಯಲಿ.

‘ಕಿತ್ತಿಕೊ-ಹಚ್ಚಿಕೊ’ ಅಂದರೇನು? ನಮ್ಮ ತಾಲ್ಲೂಕಿನಲ್ಲೇ ನಡೆದದ್ದಂತೆ, ನನ್ನ ವಯಸ್ಸಿನ ಯಾರಿಗೂ ಗೊತ್ತಿಲ್ಲ.
— ಕಾಲೇಜು ವಿದ್ಯಾರ್ಥಿ, ಹಾನಗಲ್

ನಿಮ್ಮ ಕುಸನೂರಿನಲ್ಲೇ, 1987ರ ನವೆಂಬರ್ 14ರಂದು. ಸರ್ಕಾರ ಮತ್ತು ಒಂದು ಖಾಸಗಿ ಕಂಪನಿ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಜಂಟಿ ಕಂಪನಿ ಮಾಡಿಕೊಂಡವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಅದಕ್ಕೆ ಸುಮಾರು 30,000 ಹೆಕ್ಟೇರ್ ಭೂಮಿ. ಅದು ಬರಡು ಜಮೀನು ಅಂತ ಕಡತದಲ್ಲಿ ಇತ್ತು. ಊರಿನವರಿಗೆ ಅದು ದನ ಮೇಯಿಸುವ ಗೋಮಾಳ, ಸೌದೆ, ಸೊಪ್ಪು ತರುವ ಗುಡ್ಡ. ನೀಲಗಿರಿ ಎಲೆಯನ್ನು ದನವೂ ಮುಟ್ಟುವುದಿಲ್ಲ.

ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠ ಅವರ ಜೊತೆ, ಊರವರನ್ನು ಸೇರಿಸಿದರು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ತುಮಕೂರಿನ ವಕೀಲರು ಇದನ್ನು ಗಮನಿಸಬೇಕು: ಇಲ್ಲಿ ಕೋರ್ಟಿನ ದಾರಿ ಮತ್ತು ಹೊಲದ ದಾರಿ ಒಟ್ಟಿಗೆ ನಡೆದವು. ಕುಸನೂರಿನಲ್ಲಿ ಜನ ಮೊದಲೇ ಸಾರಿ ಹೇಳಿ, ಸುಮಾರು ನೂರು ನೀಲಗಿರಿ ಸಸಿ ಕಿತ್ತರು. ಸಾವಿರಾರು ಗಿಡ ಇದ್ದ ಜಾಗದಲ್ಲಿ ನೂರೇ. ಕಿತ್ತ ಜಾಗದಲ್ಲಿ ಹಣ್ಣು, ಮೇವು, ಸೌದೆ ಕೊಡುವ ಸಸಿಗಳನ್ನು ಹಚ್ಚಿದರು. ನಿಮ್ಮ ಕಡೆ ಸಸಿ ನೆಡುವುದಕ್ಕೆ ಹಚ್ಚುವುದು ಅಂತಲೇ ಅನ್ನುತ್ತೀರಲ್ಲ, ಹೆಸರು ಬಂದದ್ದು ಅಲ್ಲಿಂದ. ಸಿಟ್ಟಿನಲ್ಲಿ ಇಡೀ ನೆಡುತೋಪಿಗೆ ಬೆಂಕಿ ಹಚ್ಚುವುದು ಸುಲಭವಿತ್ತು. ನಮಗೆ ಏನು ಬೇಡ ಅಂತ ಹೇಳಿದ ಕೈಯಲ್ಲೇ ಏನು ಬೇಕು ಅಂತಲೂ ತೋರಿಸಿದ್ದು ನನಗೆ ಬಹಳ ಹಿಡಿಸಿದ ವಿಷಯ. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ನಿಮ್ಮೂರಲ್ಲಿ ಈಗ ಅರವತ್ತು ದಾಟಿದವರನ್ನು ಕೇಳಿ ನೋಡಿ, ಆ ದಿನ ಗುದ್ದಲಿ ಹಿಡಿದವರೇ ಸಿಗಬಹುದು.

ಪ್ರತಿಭಟನೆಗೆ ಹೋಗಬೇಕು ಅಂತ ಇದೆ. ಕೇಸು ಬಿದ್ದರೆ ಸರ್ಕಾರಿ ಕೆಲಸ ಸಿಗಲ್ಲ ಅಂತ ಅಪ್ಪ ಹೆದರಿಸುತ್ತಾರೆ.
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು, ಕಲಬುರಗಿ

ಅಪ್ಪನ ಹೆದರಿಕೆಯಲ್ಲಿ ಅರ್ಥ ಇದೆಯಪ್ಪಾ, ಅವರ ಮೇಲೆ ರೇಗಬೇಡ. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊ. ಶಾಂತಿಯಿಂದ ಸೇರಿ ಪ್ರತಿಭಟನೆ ಮಾಡುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು, ಅದು ಕಾನೂನುಭಂಗ ಅಲ್ಲ. ಅನುಮತಿ ಪಡೆದು, ಹೇಳಿದ ಜಾಗದಲ್ಲಿ ಕೂತರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಬೆಂಗಳೂರಿನಲ್ಲಿ ಈಗ ಆ ಜಾಗ ಫ್ರೀಡಂ ಪಾರ್ಕ್, ಹಿಂದೆ ಸೆಂಟ್ರಲ್ ಜೈಲಾಗಿದ್ದ ಜಾಗ.

ನಿಷೇಧಾಜ್ಞೆ ಇದ್ದಾಗ ಹೋದರೆ ಕಥೆ ಬೇರೆ. ಹಿಂದೆ 144ನೇ ಸೆಕ್ಷನ್ ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163. ಆದೇಶ ಮೀರಿದರೆ ನ್ಯಾಯ ಸಂಹಿತೆಯ 223: ಸಾಮಾನ್ಯ ಸಂದರ್ಭದಲ್ಲಿ ಆರು ತಿಂಗಳವರೆಗೆ ಸಾದಾ ಸಜೆ ಅಥವಾ 2,500 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೀವಕ್ಕೆ ಅಪಾಯ, ಗಲಭೆ ಅಂತ ಬಂದರೆ ಒಂದು ವರ್ಷ, 5,000 ರೂಪಾಯಿವರೆಗೆ. ಕಲ್ಲು ತೂರಿದ, ಬಸ್ಸು ಸುಟ್ಟ ಗುಂಪಿನಲ್ಲಿ ನೀನಿದ್ದರೆ ಬೀಳುವ ಸೆಕ್ಷನ್‌ಗಳೇ ಬೇರೆ, ಅವು ಬಹಳ ಭಾರ. ಅಂಥ ಗುಂಪು ಕಂಡ ಕ್ಷಣವೇ ಅಲ್ಲಿಂದ ಹೊರಡು.

ಕೆಲಸದ ವಿಷಯ. ನೇಮಕಾತಿ ಆದ ಮೇಲೆ ಪೊಲೀಸ್ ಪರಿಶೀಲನೆ ಇರುತ್ತದೆ, ಫಾರಂನಲ್ಲಿ ಕೇಸು ಇದೆಯೇ ಅಂತ ಕೇಳುತ್ತಾರೆ. ಅಲ್ಲಿ ಹುಡುಗರು ಹೆದರಿ ‘ಇಲ್ಲ’ ಅಂತ ಬರೆದುಬಿಡುತ್ತಾರೆ. ಕೆಲಸ ಹೋಗುವುದು ಹೆಚ್ಚಾಗಿ ಅಲ್ಲಿ. ಕೇಸು ಮುಚ್ಚಿಟ್ಟವರ ಬಗ್ಗೆ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಸಣ್ಣ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಕ್ಕ ವಿಷಯವನ್ನು ಇಲಾಖೆ ಮನ್ನಿಸಬಹುದು, ಗಂಭೀರ ಅಪರಾಧವನ್ನು ಮುಚ್ಚಿಟ್ಟರೆ ನೇಮಕಾತಿ ರದ್ದು ಮಾಡಬಹುದು, ನಿಜ ಹೇಳಿದರೂ ತೀರ್ಮಾನ ಇಲಾಖೆಯ ಕೈಯಲ್ಲೇ ಇರುತ್ತದೆ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆ, ಕೇಸು ವಜಾ ಆಗಿದ್ದರೆ ಆದೇಶದ ಪ್ರತಿ ಲಗತ್ತಿಸು. ಠಾಣೆಗೆ ಕರೆದೊಯ್ದು ಸಂಜೆ ಬಿಟ್ಟರೂ ಎಫ್‌ಐಆರ್ ಆಗಿದೆಯೋ ಇಲ್ಲವೋ ಕೇಳಿ ತಿಳಿದುಕೊ, ನಂಬರ್ ಬರೆದಿಟ್ಟುಕೊ. ವರ್ಷಗಟ್ಟಲೆ ಬಿಟ್ಟು ಸಮನ್ಸ್ ಬಂದಾಗ ಅದು ಕೆಲಸಕ್ಕೆ ಬರುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಆದಾಯ ಕಡಿಮೆ ಇದ್ದವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಒಮ್ಮೆ ಹೋಗಿ ಮಾತಾಡಿ ಬಾ.